ವಾಡಿ ಪಾರ್ಸಲ್ ಆಫೀಸಿನ ಬಾಣಂತಿ

ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದಾಗ ನಾನು ಶಹಾಬಾದದ ಅಂಗನವಾಡಿಯ ಮುಂದೆ, ಮೊಮ್ಮಗನ ಕೈ ಹಿಡಿದು ಪೋಲಿಯೋ ಹನಿಯ ಸಾಲಿನಲ್ಲಿ ನಿಂತಿದ್ದೆ. ಬಿಸಿಲಿಗೆ ಲಸಿಕೆ ಕಾದೀತೆಂದು ಕಾರ್ಯಕರ್ತೆ ನೀಲಿ ಡಬ್ಬಿಯ ಮೇಲೆ ಗೋಣಿ ನೆನೆಸಿ ಹೊದಿಸಿದ್ದಳು. ನನಗೋ ಹಳೆಯ ವಾಡಿ ಸ್ಟೇಷನ್ನೇ ಎದುರಿಗೆ ಬಂದಂತಾಯಿತು. ಜೊತೆಗೆ ಅಲ್ಲಿನ ಪಾರ್ಸಲ್ ಬಾಬು, ನಮ್ಮ ಪಾರ್ಸಲ್ ಕಾಕಾ...

ರೈಲ್ವೆ ಕ್ವಾರ್ಟರ್ಸಿನಲ್ಲಿ ಅವನದು ನಮ್ಮ ಪಕ್ಕದ ಮನೆ. ಕಾನೂನೆಂದರೆ ಕಾನೂನು. ಸ್ವಂತ ಅಳಿಯ ಕಳಿಸಿದ ಮಾವಿನ ಬುಟ್ಟಿಯನ್ನೂ ಚೀಟಿ ಹರಿದಿದೆಯೆಂದು ಬಿಡಿಸಿಕೊಳ್ಳದೆ ಕೊಳೆಯಿಸಿದ ಮಹಾನುಭಾವ! ಶಹಾಬಾದದ ಕಲ್ಲಾದರೂ ಸೀಳೀತು, ಈ ಮನುಷ್ಯನಲ್ಲ ಎಂದು ಹಮಾಲರು ನಗುತ್ತಿದ್ದರು.

ನನಗಾಗ ಐದು ವರ್ಷ. ಪೋಲಿಯೋ ನನ್ನ ಎಡಗಾಲನ್ನು ತಿಂದು ಮುಗಿಸಿತ್ತು. ಅವ್ವ ನನ್ನನ್ನು ಟೊಂಕದ ಮೇಲೆ ಹೊತ್ತೇ ತಿರುಗುತ್ತಿದ್ದಳು. ಹೊಟ್ಟೆಯಲ್ಲಿ ತಮ್ಮ ಬೇರೆ. ಅವನಿಗೂ ಹೀಗಾದರೆ ಎಂಬ ಒಂದೇ ಹೆದರಿಕೆ ಅವಳಿಗೆ. ಮಂಗನ ಮೂತ್ರಪಿಂಡ ಬಳಸಿ ಪೋಲಿಯೋ ಲಸಿಕೆ ತಯಾರಿಸುತ್ತಿದ್ದ ಕಾಲವದು. ಅದಕ್ಕೆಂದೇ ಮುಂಬಯಿಗೆ ಹೊರಟ ಮಂಗಗಳ ಪೆಟ್ಟಿಗೆಯನ್ನು ಕಾಕಾ ತಡೆದಿದ್ದಾನೆಂದು ಒಂದು ಮಧ್ಯಾಹ್ನ ಸುದ್ದಿ ಬಂತು. ಅವ್ವನ ಪಿತ್ತ ನೆತ್ತಿಗೇರಿತು. ನನ್ನನ್ನು ಎತ್ತಿಕೊಂಡವಳೇ ಸ್ಟೇಷನ್ನಿಗೆ ನಡೆದಳು.

"ಏನ್ ಮಾಡ್ಲಿಕತ್ತೀರಿ ಅಣ್ಣಾ? ನಮ್ಮ ಹುಡುಗಿ ಕಾಲ್ ನೋಡೀರಿಲ್ಲೋ? ಔಷಧಿ ಬರೋದು ಬ್ಯಾಡೇನು?"

"ಬರ್ಲಿ ತಂಗಿ, ಜರೂರ್ ಬರ್ಲಿ. ಒಮ್ಮಿ ಒಳಗ್ ಹಣಿಕಿ ಹಾಕಿ ನೋಡು."

ಪೆಟ್ಟಿಗೆಯ ಮೂಲೆಯಲ್ಲಿ ಒಂದು ಮಂಗ ಹಲಗೆಗೊತ್ತಿ ಕುಳಿತಿತ್ತು. ಅದರ ಎದೆಗೆ ಇನ್ನೂ ಮೈ ಒಣಗದ ಮರಿ. ಕಾಗದದಲ್ಲಿ ಬರೆದದ್ದು ಹನ್ನೆರಡು; ಒಳಗಿದ್ದವು ಹದಿಮೂರು!

ಮಂಗ ಹಿಡಿದು ಕಳಿಸುವ ಗುತ್ತಿಗೆದಾರ ಹಲ್ಲು ಕಡಿಯುತ್ತಿದ್ದ. "ಹದಿಮೂರು ಅಂತ ತಿದ್ರಿ ಬಾಬು. ಇಷ್ಟಕ್ಕ ಭಾಳ ತಕರಾರು ಮಾಡ್ತೀರಿ."

"ಹನ್ನೆರಡಕ್ಕ ನೀವು ಸಹಿ ಮಾಡೀರಿ. ಹದಿಮೂರನೇದ್ದಕ್ಕ ಯಾರ್ ಮಾಡ್ತಾರ? ಅದರ ಅವ್ವನ್ನ ಕೇಳ್ರಿ," ಎಂದ ಕಾಕಾ.

ಮೇಲಿನವರಿಗೆ ದೂರು ಕೊಟ್ಟು ನೌಕರಿ ಕಳೆಯುತ್ತೇನೆ ಎಂದು ಗುತ್ತಿಗೆದಾರ ಅರಚಿದ. ಆದರೂ ಕಾಕಾ ಕೈಯಲ್ಲಿದ್ದ ಕಾಗದ ಬಿಡಲಿಲ್ಲ. ಅಷ್ಟರಲ್ಲಿ ಜಗಳಕ್ಕೆಂದು ಬಂದ ನಮ್ಮವ್ವ ಗುತ್ತಿಗೆದಾರನ ಕಡೆಗೆ ತಿರುಗಿ ನಿಂತಳು.

"ಹಸಿ ಬಾಣಂತಿನ್ನ ರೈಲಿಗೆ ಹಾಕ್ತೀರೇನ್ರಿ? ನಿಮ್ಮನ್ಯಾಗ ಹಡದವ್ರು ಯಾರೂ ಇಲ್ಲೇನು?"

ಸ್ಟೇಷನ್ ಮಾಸ್ತರರು ಬಂದು ಕಾಗದ ನೋಡಿದರು, ಪೆಟ್ಟಿಗೆ ನೋಡಿದರು, ತುಂಬಿದ ಬಸುರಿ ಅವ್ವನನ್ನೂ ನೋಡಿದರು. "ಬಾಬು ಹೇಳೋದು ಬರೋಬರಿ ಅದ. ಲೆಕ್ಕ ಕೂಡೂತನಕ ಹತ್ಸಂಗಿಲ್ಲ," ಎಂದರು. ದೂರದಲ್ಲಿ ರೈಲು ಕೂಗಿತು. ಗುತ್ತಿಗೆದಾರ ಹನ್ನೊಂದೆಂದು ತಿದ್ದಿ ಸಹಿ ಹಾಕಿ, "ಆ ಎರಡು ನೀವೇ ಇಟ್ಕೋರಿ!" ಎಂದು ಪೆನ್ನು ಎಸೆದ. ಹಮಾಲರು ಹಾಕಿದ ಸಿಳ್ಳೆ ಈಗಲೂ ನನ್ನ ಕಿವಿಯಲ್ಲಿದೆ.

ಉಳಿದ ಹನ್ನೊಂದನ್ನು ಕಾಕಾ ಹಾಗೇ ಕಳಿಸಲಿಲ್ಲ. ಒಂದೊಂದಕ್ಕೂ ಮಗ್ಗಿನಿಂದ ನೀರು ಕುಡಿಸಿ, ಗೋಣಿ ನೆನೆಸಿ ಪೆಟ್ಟಿಗೆಗೆ ಹೊದಿಸಿದ. "ಇವು ಸತ್ತು ನಮ್ಮ ಮಕ್ಕಳ್ ನಡೀಬೇಕಂದ್ರ, ನೀರರೆ ಕೊಡಬೇಕಲ್ಲ ತಂಗಿ..." ಎಂದ. ಅವನ ಕಣ್ಣು ತುಂಬಿದ್ದವು. ಇಂಥವನು ಶಹಾಬಾದದ ಕಲ್ಲಂತೆ!

ಅವ್ವ ತನ್ನ ಬಾಣಂತನಕ್ಕೆ ಕಟ್ಟಿಟ್ಟಿದ್ದ ಅಂಟಿನ ಉಂಡೆಯನ್ನೇ ಮಂಗಕ್ಕೆ ಒಯ್ದುಕೊಟ್ಟಳು. ಹದಿನೈದು ದಿನ ಪಾರ್ಸಲ್ ಆಫೀಸಿನಲ್ಲಿ ಅದಕ್ಕೆ ಆರೈಕೆಯೋ ಆರೈಕೆ. ಚಿಂಚೋಳಿ ಗುಡ್ಡದಲ್ಲಿ ಹಿಡಿದದ್ದೆಂದು ತಿಳಿದಾಗ ಅವ್ವ, "ಬಾಣಂತಿನ್ನ ತವರಿಗಿ ಬಿಟ್ ಬರ್ರಿ," ಎಂದಳು. ಎಂದೂ ರಜೆ ಹಾಕದ ಕಾಕಾ ರಜೆ ಹಾಕಿ, ಲಾರಿಯಲ್ಲಿ ಕುಳಿತು, ಬಿಟ್ಟು ಬಂದ. ಮರಿಯನ್ನು ಅವುಚಿಕೊಂಡು ಮರ ಹತ್ತಿತಂತೆ. ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲವಂತೆ. ಹಾಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು!

ಮುಂದೆ ನಾನು ನರ್ಸಾದೆ. ಹೊಸ ಔಷಧಿಯ ಪ್ರಯೋಗಕ್ಕೆ ರೋಗಿಗಳ ಸಹಿ ಬೇಕಾದಾಗಲೆಲ್ಲ, ಕಾಗದವನ್ನು ಅವರಿಗೆ ತಿಳಿಯುವ ತನಕ ಓದಿ ಹೇಳುತ್ತಿದ್ದೆ. ತಡಮಾಡುತ್ತೇನೆಂದು ಬೈಸಿಕೊಂಡೆ. ಕಾಕಾನ ನೆರೆಯಲ್ಲಿ ಬೆಳೆದವಳಲ್ಲವೇ...

ತಮ್ಮನಿಗೆ ಹನಿ ಸಿಕ್ಕಿತು, ಅವನು ನಡೆದ. ಕಾಕಾ ಹೋಗಿ ಬಹಳ ವರ್ಷವಾಯಿತು, ಅವ್ವನೂ ಇಲ್ಲ. ಆ ಹನ್ನೊಂದಂತೂ ಯಾವ ತವರಿಗೂ ಮರಳಲಿಲ್ಲ.

ಕಾರ್ಯಕರ್ತೆ ಮೊಮ್ಮಗನ ಬಾಯಿಗೆ ಎರಡು ಹನಿ ಬಿಟ್ಟು ಕಿರುಬೆರಳಿಗೆ ಶಾಯಿ ಹಚ್ಚಿದಳು. ಅವನು ನನ್ನ ಕೈ ಕೊಸರಿಕೊಂಡು ಓಟ ಕಿತ್ತ. ಕೋಲೂರಿಕೊಂಡು ಅವನನ್ನು ಹಿಡಿಯುವುದು ನನ್ನಿಂದಾಗದ ಮಾತು.

"ಏ ಮಂಗ್ಯಾ, ಸಾವಕಾಶ! ಬೀಳ್ತಿ!" ಎಂದು ಕೂಗಿದೆ.

ಅವನು ಬೀಳಲೂ ಇಲ್ಲ, ಹಿಂದೆ ತಿರುಗಿ ನೋಡಲೂ ಇಲ್ಲ.