ಜಪಾನ್ ಟೇಪ್‌ರೆಕಾರ್ಡರೂ ಅಜ್ಜಿಯ ಕಂಬಳಿಯೂ

ಗೆಳೆಯರೇ, ನನ್ನ ಭಾವನ ಹತ್ತಿರ ಬೊಂಬಾಯಿಯಿಂದ ತರಿಸಿದ ಜಪಾನ್ ಟೇಪ್‌ರೆಕಾರ್ಡರ್ ಇದೆ. ಇಲ್ಲದಿರುವುದು ಕಿವಿ.

ಭರಮಸಾಗರದಿಂದ ಬಂದಿದ್ದ ನಮ್ಮಜ್ಜಿ ಇವತ್ತು ಸಂಜೆಯ ಬಸ್ಸಿಗೆ ಹೊರಡುವವಳಿದ್ದಳು. ಅಷ್ಟರೊಳಗೆ ಅವಳು ಕುರಿ ಕಾಯುವಾಗ ಹಾಡುತ್ತಿದ್ದ ಹಾಡೊಂದನ್ನು ಟೇಪಿಗೆ ಹಿಡಿಯಬೇಕಿತ್ತು. ದುರ್ಗದ ಭಾವನ ಮನೆಯ ಖಾಲಿ ಕೋಣೆಯಲ್ಲಿ ಮೂರು ಸಲ ಹಾಡಿಸಿದೆವು. ಮೂರು ಸಲವೂ ಬಾವಿಯೊಳಗಿಂದ ಕೂಗಿದ ಹಾಗೆ ಬಂತು. "ಬರೀ ಗೋಡೆ, ಅದ್ಕೇ ದನಿ ಗುಂಯ್‌ಗುಡ್ತೈತೆ" ಅಂದೆ.

"ಮೆಷಿನ್ ಸರಿಯಾಗೇ ಐತೆ. ಅಜ್ಜಿ ಗಂಟ್ಲೇ ಹೋಗೈತೆ" ಅಂದ ಭಾವ, ಅವಳ ಎದುರಿಗೇ.

ಅಜ್ಜಿ ಗಂಟು ಬಿಚ್ಚಿ, ಕಂಬಳಿ ತೆಗೆದು, ಮಳೆಯಲ್ಲಿ ಕುರುಬರು ಹಾಕಿಕೊಳ್ಳುವಂತೆ ತಲೆಗೆ ಕೊಪ್ಪೆ ಹಾಕಿಕೊಂಡಳು. ಮೈಕನ್ನೂ ಅದರೊಳಕ್ಕೆ ಎಳೆದುಕೊಂಡಳು.

"ಗಾಳಿ ಜೋರಾದ್ರೆ ಹಿಂಗೇ ಹಾಡ್ಕಂತಿದ್ವಿ. ಒತ್ತಪ್ಪ ಗುಂಡಿ."

"ಇದೇನು ಕುರಿಹಟ್ಟೀನಾ?" ಭಾವ ಮೂಗು ಮುಚ್ಚಿಕೊಂಡೇ ಗುಂಡಿ ಒತ್ತಿದ.

ಈ ಸಲ ಎಷ್ಟು ಸ್ಪಷ್ಟವಾಗಿ ಬಂತೆಂದರೆ, ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಭಾವ ತಕ್ಷಣ ಎದೆಯುಬ್ಬಿಸಿದ: "ನೋಡಿದ್ರಾ? ಜಪಾನ್ ಮೆಷಿನ್ ಅಂದ್ರೆ ಸುಮ್ನೇನಾ!"

ಅಜ್ಜಿ ಕಂಬಳಿ ಮಡಚಿ ಮತ್ತೆ ಗಂಟು ಕಟ್ಟಿ, ಅದರ ಮೇಲೆ ಕೈಯಿಟ್ಟಳು.

"ಹೌದು ಕಣಪ್ಪ. ಇದನ್ನ ನಾನು ಊರಿಗೆ ತಗಂಡು ಹೋಗ್ತೀನಿ. ನೀನು ಕಂಬಳೀನೂ ಜಪಾನಿಂದ್ಲೇ ತರಿಸ್ಕ."