ಸಾಯುವ ರಾಜನಿಗೆ ಒನ್ಸ್ ಮೋರ್

ಅವ್ವನ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ರಾಮಸಮುದ್ರದಿಂದ ಸುರಪುರದ ನಮ್ಮ ಮನೆಗೆ ಬಂದದ್ದು ಒಬ್ಬ ಮಂತ್ರಿಗೆ ಏನಾಯಿತು ಎಂದು ನೋಡಲು. ರಾಜನಿಗೆ ವಿಷ ಹಾಕಿದ ಆ ಮಂತ್ರಿಯ ಸಂಗೀತ ನಾಟಕವನ್ನು ಯಾದಗಿರಿಯ ಟೆಂಟಿನಲ್ಲಿ ಮೂರು ಸಲ ನೋಡಿದ್ದಳು. ಮೂರೂ ಸಲ ಕೊನೆಯ ದೃಶ್ಯಕ್ಕೆ ಮೊದಲೇ ಊರಿಗೆ ಮರಳುವ ಟ್ರ್ಯಾಕ್ಟರ್ ಹತ್ತಬೇಕಾಯಿತು, ಬೆಳಗಾದರೆ ಎಮ್ಮೆ ಹಿಂಡಬೇಕಲ್ಲ. ಎಮ್ಮೆ ಸತ್ತು ಎಷ್ಟೋ ವರ್ಷವಾಯಿತು. ಮಂತ್ರಿ ಮಾತ್ರ ಅವಳ ತಲೆಯಲ್ಲಿ ಶಿಕ್ಷೆಯಿಲ್ಲದೆ ತಿರುಗಾಡುತ್ತಿದ್ದ.

ನಾಟಕ ಫೋನಿನಲ್ಲಿ ಸಿಕ್ಕಿತು. ಫೋನಿನ ನೆಟ್ ಟಿವಿಗೆ ಕೊಟ್ಟೆ. ಮನೆಯಲ್ಲಿ ನಾಟಕ ನೋಡುವುದು ಎಲ್ಲರಿಗೂ ಅದೇ ಮೊದಲ ಸಲ. ಹೇಗೆ ಕೂರಬೇಕೆಂದೇ ತಿಳಿಯಲಿಲ್ಲ. ದೊಡ್ಡವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಾದಳು. ಅಪ್ಪ ಮತ್ತು ನಾನು ಹಿಂದಿನ ಸಾಲು. ಅವ್ವ ಒಳಗೆ ಮಿರ್ಚಿ ಕರಿಯುತ್ತಿದ್ದಳು ಅನ್ನಿಸುತ್ತದೆ. ಮಂಡಕ್ಕಿಯ ಸುಸಲಾ ಕೂಡ ಇದ್ದಿರಬಹುದು. ಎರಡನ್ನೂ ಬರೆದರೆ ನೆನಪು ತುಂಬ ರುಚಿಯಾಗುತ್ತದೆ, ಅದಕ್ಕೇ ನನಗೆ ಅನುಮಾನ.

ರಾಣಿಯ ಮೊದಲ ಹಾಡು ಮುಗಿಯಿತು. ದೊಡ್ಡವ್ವ ಕೈ ಎತ್ತಿ ಕೂಗಿದಳು.

"ಒನ್ಸ್ ಮೋರ್!"

"ಅಕ್ಕಾ, ಅದು ಟಿವಿ ಅದರಿ. ಆಕಿಗೆ ಕೇಳಂಗಿಲ್ಲ," ಎಂದರು ಅಪ್ಪ.

"ಅಷ್ಟೂ ಗೊತ್ತಿಲ್ಲೇನ್ರಿ ನನಗ? ನಾ ಹೇಳಿದ್ದು ಇಕಿಗೆ." ನನ್ನ ಕಡೆ ತಿರುಗಿದಳು. "ರಿಮೋಟ್ ಹಿಡ್ಕೊಂಡು ದೊರಿಸಾನಿ ಹಂಗ ಕುಂತೀದಿ. ಪಾಪ, ಅಷ್ಟು ದಣಿದು ಹಾಡ್ಯಾಳ. ಯಾರೂ ಕೇಳಲಿಲ್ಲಂದ್ರ ಆಕಿ ಮರ್ಯಾದಿ ಏನು?"

ಹಿಂದಕ್ಕೆ ಒತ್ತಿದೆ. ರಾಣಿ ಮತ್ತೆ ಹಾಡಿದಳು. ಆಮೇಲೆ ಸೇನಾಪತಿ, ಸಖಿ, ಕೊನೆಗೆ ಬಾಗಿಲು ಕಾಯುವವನಿಗೂ ಒನ್ಸ್ ಮೋರ್. ಒಟ್ಟು ಐದು ಎಂದು ನನ್ನ ಲೆಕ್ಕ, ಅಪ್ಪನದು ಒಂಬತ್ತು. ಏಳು ಎಂದಿಟ್ಟುಕೊಳ್ಳಿ, ಜಗಳ ಬೇಡ. ಎಲ್ಲರಿಗಿಂತ ಚೆಂದ ಹಾಡಿದ್ದು ಮಂತ್ರಿ.

"ಅವಗ್ಯಾಕ ಇಲ್ಲರಿ ಒನ್ಸ್ ಮೋರ್?" ಅಪ್ಪ ಕೆಣಕಿದರು.

"ಮದ್ಲ ಅವ ಸಾಯ್ಲಿ."

ಅಷ್ಟರಲ್ಲಿ ಫೋನಿಗೆ ಮೆಸೇಜು ಬಂತು. ಇವತ್ತಿನ ನೆಟ್ ಮುಗಿಯುತ್ತಾ ಬಂದಿದೆ.

"ದೊಡ್ಡವ್ವಾ, ಹಿಂದಕ್ಕ ಹೋದಷ್ಟೂ ನೆಟ್ ತಿಂತದ. ಇನ್ನೊಂದು ಒನ್ಸ್ ಮೋರ್ ಅಂದ್ರ ನಿನ್ನ ಮಂತ್ರಿ ಸಿಗಂಗಿಲ್ಲ ನೋಡು."

ದೊಡ್ಡವ್ವ ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡಳು.

ರಾಜ ವಿಷ ಕುಡಿದ. ನೆಲಕ್ಕೆ ಬಿದ್ದು, ಮೊಣಕೈ ಊರಿ, ಸಾಯುವ ಹಾಡು ಹಾಡಿದ. ಬಹಳ ಚೆಂದ ಹಾಡಿದ. ತಲೆ ವಾಲಿತು, ಪರದೆ ಬಿತ್ತು. ಇನ್ನು ಉಳಿದದ್ದು ಒಂದೇ ದೃಶ್ಯ, ಮಂತ್ರಿಯದು.

ದೊಡ್ಡವ್ವನ ಬೆನ್ನು ಅಲುಗಿತು.

"ತಡ್ಕೋರಿ ಅಕ್ಕಾ," ಅಪ್ಪ ಪಿಸುಗುಟ್ಟಿದರು. "ಹತ್ತು ನಿಮಿಷ ಅಷ್ಟ."

ಸೆರಗು ಬಾಯಿಂದ ಜಾರಿತು.

"ಸಾಯೂ ಮನಶ್ಯಾ ಹಾಡ್ಯಾನ್ರಿ! ಸುಮ್ಮ ಹೆಂಗ ಕುಂದರ್ಲಿ? ಒನ್ಸ್ ಮೋರ್!"

ಒತ್ತಿದೆ. ರಾಜ ಎದ್ದ, ಮತ್ತೆ ವಿಷ ಕುಡಿದ, ಮತ್ತೆ ಬಿದ್ದ. ಮೇಲಿನ ಸ್ವರಕ್ಕೆ ಬಾಯಿ ಅಗಲವಾಗಿ ತೆರೆದ. ಅಲ್ಲಿಗೆ ನಿಂತ. ಅವನ ಮೂಗಿನ ಮೇಲೆ ಒಂದು ಚಕ್ರ ತಿರುಗತೊಡಗಿತು.

"ಮಂತ್ರಿ ನಾಲ್ಕನೇ ಸಲನೂ ಪಾರಾದ," ಎಂದರು ಅಪ್ಪ.

"ಆಗ್ಲಿ ಬಿಡ್ರಿ, ಎಲ್ಲಿ ಹೋಗ್ತಾನ ಹಾಟ್ಯಾ." ದೊಡ್ಡವ್ವ ಮೊಣಕಾಲು ಹಿಡಿದು ಎದ್ದಳು. ಟಿವಿಯನ್ನು ಒಂದು ಕ್ಷಣ ನೋಡಿದಳು. "ಯವ್ವಾ, ಅದನ್ನ ಬಂದ್ ಮಾಡು. ರಾಜನ ಬಾಯಾಗ ನೊಣ ಹೋದೀತು."