ವಾರಗಿತ್ತಿಯ ಹೆಸರಿನಲ್ಲಿ ಡಾಕ್ಟರ ಬಳಿಗೆ

ಬಸ್ಸು ಹೊಳೆಗೆ ಬೀಳಬಹುದಿತ್ತು. ಬೀಳದಿದ್ದರೆ ಅದರಲ್ಲಿ ನಮ್ಮ ಬೀದಿಯವರು ಯಾರಾದರೂ ಕೂತಿರಬಹುದಿತ್ತು. ನನಗೆ ಹೆಚ್ಚಿನ ಭಯ ಇದೇ. ಭದ್ರಾವತಿಯಲ್ಲಿ ಇಳಿದು ದಾರಿ ಕೇಳಿದರೆ ಆಟೋದವನು "ಓ, ಹುಚ್ಚಿನ ಡಾಕ್ಟ್ರಾ?" ಎಂದು ಸ್ಟ್ಯಾಂಡಿಗೆಲ್ಲ ಕೇಳುವಂತೆ ಅನ್ನಬಹುದಿತ್ತು. ಡಾಕ್ಟರು ರಜೆ ಹಾಕಿರಬಹುದಿತ್ತು. ಹಾಕದೆ ಇದ್ದು, ನನ್ನ ಮುಖ ನೋಡಿದ ಕೂಡಲೇ ಅಡ್ಮಿಟ್ ಮಾಡಿಕೊಳ್ಳಬಹುದಿತ್ತು. ಅಥವಾ "ನಿಮಗೇನೂ ಆಗಿಲ್ಲ, ಮನೆಗೆ ಹೋಗಿ" ಎಂದುಬಿಡಬಹುದಿತ್ತು. ಇತ್ತ ಮನೆಯಲ್ಲಿ ಗ್ಯಾಸ್ ಉರಿಯುತ್ತಲೇ ಇರಬಹುದಿತ್ತು. ಕೊನೆಯದನ್ನು ನಾನು ಗಂಡನಿಗೂ ಹೇಳಿರಲಿಲ್ಲ: ಇದು ದೊಡ್ಡಪ್ಪನದೇ ಕಾಯಿಲೆ ಎಂದು ಡಾಕ್ಟರು ಹೇಳಬಹುದಿತ್ತು.

ನನ್ನ ದೊಡ್ಡಪ್ಪ ಗೋಡೆಯ ಕಡೆ ತಿರುಗಿ, ನಮಗೆ ಯಾರಿಗೂ ಕೇಳಿಸದ ಮಾತಿಗೆ ಉತ್ತರ ಕೊಡುತ್ತಿದ್ದರು. ನೆಂಟರು ಬಂದರೆ ಮನೆಯವರು ಅವರನ್ನು ಹಿಂದಿನ ಕೋಣೆಗೆ ಕಳಿಸಿ, ಜ್ವರ ಎನ್ನುತ್ತಿದ್ದರು. ನನ್ನ ಬಾಲ್ಯವಿಡೀ ಅವರಿಗೆ ಜ್ವರ.

ನನಗೆ ಶುರುವಾದದ್ದು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ, ಸೀರೆಗೆ ಫಾಲ್ ಬಣ್ಣ ಹೊಂದಿಸುತ್ತಿದ್ದಾಗ. ಇದ್ದಕ್ಕಿದ್ದಂತೆ ಎದೆ ಬಡಿಯತೊಡಗಿತು, ಕೈಬೆರಳು ಜೋಮು ಹಿಡಿದವು, ಉಸಿರು ಗಂಟಲಲ್ಲೇ ನಿಂತಿತು. ಸತ್ತೇ ಹೋದೆ ಅಂದುಕೊಂಡೆ. ಅಂಗಡಿಯವರು ಸೋಡಾ ತರಿಸಿಕೊಟ್ಟರು. ಇಸಿಜಿಯಲ್ಲಿ ಹೃದಯ ಸರಿಯಾಗಿತ್ತು. ಆದರೆ ಮತ್ತೆರಡು ಸಲ ಹಾಗೆಯೇ ಆದಾಗ ನಾನು ಬಜಾರಿಗೆ ಹೋಗುವುದನ್ನೇ ಬಿಟ್ಟೆ. ಬರಬರುತ್ತಾ ಮದುವೆಮನೆಗೂ. ನಾನು ಮೊದಲಿನಿಂದಲೂ ಚಿಂತೆಯ ಹೆಂಗಸು, ನಿಜ. ಆದರೆ ಅವು ಮನೆಯೊಳಗೆ ಸಾಕಿಕೊಂಡ ಚಿಂತೆಗಳು; ಗದರಿದರೆ ಮೂಲೆಯಲ್ಲಿ ಮಲಗುತ್ತಿದ್ದವು. ಇದು ಗದರಿಕೆಗೆ ಬಗ್ಗುವಂಥದ್ದಲ್ಲ. ಇಸಿಜಿ ನೋಡಿದ ಡಾಕ್ಟರೇ ಕೊನೆಗೆ, ಒಮ್ಮೆ ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂದರು.

ಅಂಥ ಡಾಕ್ಟರುಗಳು ಶಿವಮೊಗ್ಗದಲ್ಲಿ ಇಲ್ಲವೆಂದಲ್ಲ. ಆದರೆ ರಾಗಿಗುಡ್ಡದ ನಮ್ಮ ಮನೆಯಿಂದ ಹೊರಟು ಒಬ್ಬರ ಕಣ್ಣಿಗೂ ಬೀಳದೆ ಒಳಗೆ ನುಗ್ಗುವುದು ಹೇಗೆ? ಹಾಗಾಗಿ ಭದ್ರಾವತಿ. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ.

ಕ್ಲಿನಿಕ್ಕಿನ ಹಾಲ್ ಜನರಿಂದ ತುಂಬಿತ್ತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಶಿವಮೊಗ್ಗದವ್ರಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಇಲ್ಲಿಗೆ ಬರೋರು ಮುಕ್ಕಾಲು ಪಾಲು ಶಿವಮೊಗ್ಗದವ್ರೇ ಕಣಮ್ಮ. ನಮ್ಮೂರವ್ರು ಅಲ್ಲಿಗೆ ಹೋಗ್ತಾರೆ. ನಂಗೆ ಮಂಡಿನೋವು, ಬಸ್ ಹತ್ತೋಕಾಗಲ್ಲ. ಅದಕ್ಕೇ ನಾಚಿಕೆ ಬಿಟ್ಟು ಇಲ್ಲೇ."

ನನ್ನ ಎದೆ ಬಡಿತ ಏರಿತು. ಕೌಂಟರಿನ ಹುಡುಗಿ ಹೆಸರು ಕೇಳಿದಾಗ ನನ್ನ ಬಾಯಿಂದ ಹೊರಬಿದ್ದದ್ದು ವಾರಗಿತ್ತಿಯ ಹೆಸರು. ಮೈದುನನ ಹೆಂಡತಿ ಅವಳು, ಗಟ್ಟಿಗಿತ್ತಿ. ಹಾಲು ಉಕ್ಕಿದರೆ ಓಡಿಬರುವವಳಲ್ಲ, ಆಮೇಲೆ ಒರೆಸಿದರಾಯಿತು ಎನ್ನುವವಳು. ಗಂಡ ಆಗ ಹೊರಗೆ ಆಟೋದವನ ಹತ್ತಿರ ಚಿಲ್ಲರೆಗೆ ಜಗಳವಾಡುತ್ತಿದ್ದರು. ಬಂದು ಪಕ್ಕದಲ್ಲಿ ಕೂತರು. ನಾನು ಬಾಗಿಲನ್ನೇ ಕಾಯುತ್ತಿದ್ದೆ, ಪರಿಚಯದವರು ಬರುತ್ತಾರೋ ಎಂದು.

ಬಹಳ ಹೊತ್ತಿನ ಮೇಲೆ ಹುಡುಗಿ ಆ ಹೆಸರು ಕೂಗಿದಳು. ನಾನೇ ಬರೆಸಿದ್ದು ಗಾಬರಿಯಲ್ಲಿ ಮರೆತೇಹೋಗಿತ್ತು. ಸೆರಗನ್ನು ಮುಖಕ್ಕೆಳೆದುಕೊಂಡು ಗಂಡನ ಬೆನ್ನ ಹಿಂದೆ ಸರಿದೆ.

"ರೀ, ತಿರುಗಬೇಡಿ. ನಿಮ್ಮ ತಮ್ಮನ ಹೆಂಡ್ತಿ ಬಂದಿದಾಳೆ."

"ಎಲ್ಲಿ?"

"ತಿರುಗಬೇಡಿ ಅಂದ್ನಲ್ಲ! ಈಗ ಅವಳ ಹೆಸರು ಕೂಗಿದ್ರು, ಕೇಳಿಸ್ಲಿಲ್ವಾ?"

ಅವರೂ ತಲೆ ತಗ್ಗಿಸಿದರು. "ಅವಳಿಗೇನಾಯ್ತು ಪಾಪ? ಮೊನ್ನೆ ಚೆನ್ನಾಗೇ ಇದ್ಲಲ್ಲ."

ಮತ್ತೊಮ್ಮೆ ಕೂಗಿದರು. ಯಾರೂ ಏಳಲಿಲ್ಲ. ಹುಡುಗಿ ಎದ್ದು ಬಂದು ನನ್ನ ಮುಂದೆಯೇ ನಿಂತಳು. "ಅಮ್ಮಾ, ನೀವೇ ಅಲ್ವಾ? ಎಷ್ಟು ಸಲ ಕೂಗೋದು?"

ಗಂಡ ನಿಧಾನವಾಗಿ ನನ್ನತ್ತ ತಿರುಗಿದರು. "ಅವಳ ಹೆಸರು ಬರೆಸಿದೀಯಾ ಮಾರಾಯ್ತಿ? ನಿಂಗೇನು ಹುಚ್..." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡರು. ಆ ಅರ್ಧ ಮಾತು ನಮ್ಮಿಬ್ಬರ ನಡುವೆ ಹಾಗೇ ಕೂತಿತು. ಅದನ್ನು ಅಲ್ಲೇ ಬಿಟ್ಟು ಇಬ್ಬರೂ ಒಳಗೆ ಹೋದೆವು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಕೂರುವ ಮೊದಲೇ ಕೇಳಿಬಿಟ್ಟೆ: "ನನಗೆ ಹುಚ್ಚಾ ಡಾಕ್ಟ್ರೇ?"

ಅವರು ನಗಲಿಲ್ಲ. ಬಟ್ಟೆ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಕೇಳಿದರು. ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆಯೇ ಎಂದರು. ಇಲ್ಲ ಎಂದೆ, ಎಂದವಳೇ, ಇನ್ನು ಮೇಲೆ ಕೇಳಿಸಿದರೆ ಏನು ಗತಿ ಎಂದು ಹೆದರಿದೆ. ಅದನ್ನೂ ಹೇಳಿದೆ. ದೊಡ್ಡಪ್ಪನ ವಿಷಯವನ್ನೂ ಹೇಳಿದೆ. ಗಂಡ ಬೆರಗಾಗಿ ನೋಡಿದರು.

"ಫ್ಯಾಕ್ಟರಿ ಸೈರನ್ ಕೇಳಿದೀರಲ್ಲ? ಶಿಫ್ಟ್ ಟೈಮಲ್ಲದ ಹೊತ್ತಲ್ಲಿ ಅದು ಕೂಗಿದ್ರೆ ಎಲ್ರೂ ಗಾಬರಿಯಾಗಿ ಓಡ್ತಾರೆ, ಒಳಗೆ ಏನೂ ಆಗಿರಲ್ಲ. ನಿಮ್ಮದೂ ಹಾಗೇ. ಇದಕ್ಕೆ ಪ್ಯಾನಿಕ್ ಅಂತಾರೆ, ವಾಸಿ ಮಾಡಬಹುದು. ಮಾತ್ರೆ ಕೊಡ್ತೀನಿ. ಜೊತೆಗೆ ನೀವು ಸ್ವಲ್ಪಸ್ವಲ್ಪವಾಗಿ ಮತ್ತೆ ಬಜಾರಿಗೆ ಹೋಗೋದನ್ನ ಅಭ್ಯಾಸ ಮಾಡ್ಬೇಕು."

"ದೊಡ್ಡಪ್ಪನದು?"

"ಕೇಳಿದ್ರೆ ಅದು ಬೇರೆ ಕಾಯಿಲೆ ಅನ್ನಿಸುತ್ತೆ. ಅದನ್ನೂ ಹುಚ್ಚು ಅಂತ ಕರೆದು ಸುಮ್ಮನಾಗೋ ಹಾಗಿಲ್ಲ. ಅದಕ್ಕೂ ಔಷಧಿ ಇದೆ."

ನಿಜವಾದ ಜ್ವರವಾಗಿದ್ದರೆ ದೊಡ್ಡಪ್ಪನಿಗೆ ಒಂದು ಮಾತ್ರೆಯಾದರೂ ಸಿಗುತ್ತಿತ್ತು. ಆದರೂ ಬಹಳ ದಿನಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು. ಆ ಧೈರ್ಯದಲ್ಲೇ, ಹೆಸರು ನನ್ನದಲ್ಲ ಎಂದು ಒಪ್ಪಿಕೊಂಡೆ. ಡಾಕ್ಟರು ಅದನ್ನು ಹೊಡೆದುಹಾಕಿ ನನ್ನದನ್ನು ಬರೆದರು. "ಇಲ್ಲಿ ಸುಮಾರು ಜನ ಹೀಗೇ," ಎಂದರಷ್ಟೆ.

ಮೆಟ್ಟಿಲಿಳಿಯುವಾಗ ಗಂಡ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. "ಇದೇನೇ, ನಲವತ್ತೊಂದು?"

ವಾರಗಿತ್ತಿಯ ಹೆಸರಿನ ಜೊತೆ ಅವಳ ವಯಸ್ಸನ್ನೂ ಬರೆಸಿದ್ದೆ. ಇದ್ದರೆ ಇರಲಿ, ಯಾರಿಗೇನು ನಷ್ಟ ಎಂದುಕೊಂಡು ಎರಡು ಮೆಟ್ಟಿಲು ಇಳಿದೆ. ಮೂರನೆಯದಕ್ಕೆ ಚಿಂತೆ ಹಿಡಿಯಿತು: ಮಾತ್ರೆಯ ಲೆಕ್ಕ ವಯಸ್ಸಿನ ಮೇಲಿದ್ದರೆ? ವಾಪಸು ಹೋಗಿ ಕೌಂಟರಿಗೆ ಬಾಗಿ ಪಿಸುಗುಟ್ಟಿದೆ.

"ಕೇಳಿಸಲ್ಲಮ್ಮ, ಜೋರಾಗಿ ಹೇಳಿ."

ಹೇಳಿದೆ.

"ಮೇಡಂ," ಹುಡುಗಿ ಕೂತಲ್ಲಿಂದಲೇ ಒಳಗಿನ ಕೋಣೆಗೆ ಕೂಗಿದಳು, "ಇವ್ರಿಗೆ ನಲವತ್ತೊಂದಲ್ವಂತೆ, ಐವತ್ತಮೂರಂತೆ!" ಇಡೀ ಹಾಲ್ ತಲೆಯೆತ್ತಿ ನನ್ನನ್ನು ನೋಡಿತು, ಅದರಲ್ಲಿ ಮುಕ್ಕಾಲು ಪಾಲು ಶಿವಮೊಗ್ಗ.